ಬಾಗಿಲಿಗೂ ಬಾಯ್ಲರಿಗೂ ಒಂದೇ ಗಂಟೆ

ಸರಸಂಬಾ
8 ಫೆಬ್ರವರಿ 1998

ಅಖ್ತರ ಆಪಾ ಅವರಿಗೆ ದಶರಥನ ಶರಣು.

ತಪ್ಪು ಮಾಡಿದವನು ನಾನು, ನೋಟೀಸು ಬಂದಿದ್ದು ನಿಮಗೆ. ಇದು ಅನ್ಯಾಯ. ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ನಿಂತು ಕೂಗಬೇಕೆಂದಿದ್ದೆ. ಮೊದಲು ನಿಮಗೆ ಹೇಳುವುದೇ ಸರಿಯೆನಿಸಿ, ನೋಟೀಸು ಹಿಡಿದು ನೀವು ಹೋಗಿರುವ ಜೇವರ್ಗಿಯ ತವರಿನ ವಿಳಾಸ ಹುಡುಕಿ ಬರೆಯುತ್ತಿದ್ದೇನೆ.

ಬಾಯ್ಲರಿನಿಂದ ಹಿಡಿದು ಉಗ್ರಾಣದವರೆಗೆ ನಡೆಯುವುದನ್ನೆಲ್ಲ ನೀವು ಕೂತು ನಿಗಾ ಇಡುವ ಕೋಣೆಯ ಸರ್ವರ್ ಕಂಪ್ಯೂಟರಿಗೆ ಕಳಿಸುವ ಅಡಾಪ್ಟರ್ ಪೆಟ್ಟಿಗೆಯನ್ನು ಹೊಂದಿಸಿದ್ದು ನಾನು. ಒಂದೊಂದು ಸುದ್ದಿಗೂ ಒಂದರಿಂದ ಐದರವರೆಗೆ ತುರ್ತಿನ ಅಂಕಿ ಕೊಡಬೇಕಿತ್ತು. ಒಂದನೆಯ ಅಂಕಿಗೆ ಮಾತ್ರ ನಿಮ್ಮ ಕೋಣೆಯ ಗಂಟೆ ಹೊಡೆಯಬೇಕು. ಆಗ ನನ್ನ ಜೇಬಿನಲ್ಲಿ ಗುಲಬರ್ಗಾ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಕರಪತ್ರವಿತ್ತು. ಮೇಲು-ಕೀಳೇ ಎಲ್ಲ ಕೇಡಿನ ಬೇರು ಎಂದಿತ್ತು ಅದರಲ್ಲಿ. ಎಲ್ಲಕ್ಕೂ ಒಂದನೆಯ ಅಂಕಿಯನ್ನೇ ಕೊಟ್ಟುಬಿಟ್ಟೆ. ಬಾಯ್ಲರಿನ ನೀರು ಇಳಿದರೂ ಗಂಟೆ, ಉಗ್ರಾಣದ ಬಾಗಿಲು ತೆರೆದರೂ ಗಂಟೆ. ಎದೆಯುಬ್ಬಿಸಿಕೊಂಡು ಮನೆಗೆ ಹೋದೆ.

ಮೂರನೆಯ ದಿನ ನೀವು ನನ್ನನ್ನು ಹಿಡಿದು ನಿಲ್ಲಿಸಿದಿರಿ. “ಏ ದಶರಥ, ಬಾಗಲಾ ತಗದ್ರೂ ಗಂಟಿ, ಹಾಕಿದ್ರೂ ಗಂಟಿ! ನಿನ್ನ ಪೆಟಗಿಗಿ ಹುಚ್ಚ ಹಿಡದದೇನೋ?”

“ಸುದ್ದಿಯೊಳಗ ಸಣ್ಣದು ದೊಡ್ಡದು ಅನ್ನಾಕ ನಾವ್ಯಾರ್ರೀ ಆಪಾ?” ಅಂದೆ.

“ಹಂಗಾದ್ರ ನನ್ನ ಕಿವಿನೂ ನೀನ ತಗೊಂಡ್ ಹೋಗು.”

ಮಾರನೆಯ ದಿನ ಗಂಟೆಯ ಬಟ್ಟಲಿಗೂ ಸುತ್ತಿಗೆಗೂ ನಡುವೆ ನಿಮ್ಮ ಹಸಿರು ದುಪಟ್ಟಾದ ತುಂಡು ಕಂಡೆ. ಇವರಿಗೆ ಸಮಾನತೆ ಗೊತ್ತಿಲ್ಲ ಎಂದು ಮನಸ್ಸಿನಲ್ಲೇ ಬೈದು, ಅದನ್ನು ಹಾಗೇ ಬಿಟ್ಟು ಹೋದೆ.

ಕಳೆದ ಗುರುವಾರ ನೀರು ನಿಜಕ್ಕೂ ಇಳಿಯಿತು. ಪೆಟ್ಟಿಗೆ ಸುದ್ದಿ ಕಳಿಸಿತು, ಸರ್ವರ್ ತೋರಿಸಿತು, ಬಟ್ಟೆ ತುರುಕಿದ ಗಂಟೆ ಮಾತ್ರ ಹೊಡೆಯಲಿಲ್ಲ. ತೆರೆಯ ಮೇಲೆ ಬಾಗಿಲಿನ ನಲವತ್ತೊಂದು ಸಾಲುಗಳ ನಡುವೆ ಆ ಒಂದು ಸಾಲು ಯಾರ ಕಣ್ಣಿಗೆ ಬೀಳಬೇಕು? ಬೆಂಕಿ ನೋಡಿಕೊಳ್ಳುವ ಹುಲೆಪ್ಪ ಕಾಕಾ ನೀರಿನ ಮಟ್ಟ ತೋರಿಸುವ ಗಾಜಿನತ್ತ ಕಣ್ಣು ಹಾಯಿಸದಿದ್ದರೆ ಬಾಯ್ಲರ್ ಸಿಡಿದು ಅವರೇ ಉಳಿಯುತ್ತಿರಲಿಲ್ಲ. ಕಬ್ಬಿನ ಸಿಪ್ಪೆ ಹಾಕುವುದನ್ನು ನಿಲ್ಲಿಸಿ, ಬೆಂಕಿ ಆರಿಸಿ, ನೆಟ್ಟಗೆ ನನ್ನ ಹತ್ತಿರ ಬಂದರು.

“ಲೇ ದಶರಥ, ಕೂಸು ಒಲಿ ಕಡೆ ಹೊಂಟಿದ್ರ ಮೊದ್ಲ ಕೂಸಿಗಿ ಓಡ್ತೀಯೋ, ಬಾಗಲಾ ಹಾಕಾಕ ಓಡ್ತೀಯೋ?”

ಸಮಾನತೆ ಎಂದುಕೊಂಡು ಹುಲೆಪ್ಪ ಕಾಕಾನ ಜೀವವನ್ನು ಉಗ್ರಾಣದ ಬಾಗಿಲಿಗೆ ಸಮ ಮಾಡಿದ್ದೆ, ಆಪಾ.

ನಿನ್ನೆ ಎಲ್ಲ ಅಂಕಿಗಳನ್ನೂ ಹೊಸದಾಗಿ ಬರೆದೆ. ಬಾಯ್ಲರಿನ ನೀರು ಒಂದು. ಬಾಗಿಲು ನಾಲ್ಕು. ಮ್ಯಾನೇಜರ್ ಸಾಹೇಬರು ಹಟ ಹಿಡಿದು ಸೇರಿಸಿದ್ದ ಅವರ ಕೋಣೆಯ ಕೂಲರ್ ಐದು; ಅದನ್ನು ಬರೆಯುವಾಗ ಒಬ್ಬನೇ ನಕ್ಕೆ. ಆಮೇಲೆ ತಪ್ಪೊಪ್ಪಿಗೆಗೆ ಸಹಿ ಮಾಡಿ ಅವರ ಮೇಜಿನ ಮೇಲಿಟ್ಟೆ.

“ಅರಿವಿ ತುರುಕಿದಾಕಿ ಆಕಿ ಅಲ್ಲೇನು?” ಅಂದರು.

“ತುರುಕೂ ಹಂಗ ಮಾಡಿದಾಂವ ನಾನ್ರೀ” ಅಂದೆ.

ವಿಚಾರಣೆ ಇಟ್ಟಿದ್ದಾರೆ. ನೀವು ಬರದಿದ್ದರೆ ನಿಮ್ಮ ಕುರ್ಚಿ ಬೇರೆಯವರಿಗಂತೆ. ಹಾಗಾಗಕೂಡದು. ಸಾಹೇಬರ ಎದುರು ಹುಲೆಪ್ಪ ಕಾಕಾ ಉಗ್ರಾಣದ ಬಾಗಿಲನ್ನು ಹತ್ತು ಸಲ ತೆಗೆದು ಹಾಕುತ್ತಾರೆ, ಗಂಟೆ ಉಸಿರೆತ್ತಬಾರದು. ಆಮೇಲೆ ನಾನು ನೀರಿನ ತಂತಿಯಿಂದ ಪರೀಕ್ಷೆಯ ಸುದ್ದಿ ಕಳಿಸುತ್ತೇನೆ, ಗಂಟೆ ಹೊಡೆಯಲೇಬೇಕು. ಅದನ್ನು ಕೇಳಲು ನೀವು ಆ ಕುರ್ಚಿಯಲ್ಲಿರಬೇಕು. ದುಪಟ್ಟಾದ ತುಂಡನ್ನು ಒಗೆದು, ಮಡಚಿ ಇಟ್ಟಿದ್ದೇನೆ.

ನಿಮ್ಮ ಕಿವಿ ತಂಪಾಗಿರಲಿ.

ನಿಮ್ಮ ಹಟಮಾರಿ ತಮ್ಮ,
ದಶರಥ

ವಿಚಾರಣೆ: ಗುರುವಾರ, ಹನ್ನೆರಡನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆ, ನಿಮ್ಮ ಕೋಣೆಯಲ್ಲೇ.