ಹಿಂದಿನ ಗೇಟಿನ ಗೋಣಿ

ವಾಮದಪದವು
14 ಜೂನ್ 2025, ಶನಿವಾರ

ಪ್ರೀತಿಯ ಮಿಸ್ರಿಯಾ,

ಕ್ಷೇಮ ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಆದರೂ ಕೇಳುತ್ತಿದ್ದೇನೆ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀ. ವಿಟ್ಲಕ್ಕೆ, ನಿನ್ನ ತಂಗಿಯ ಮನೆಗೇ ಬಂದುಬಿಡೋಣ ಎಂದು ಒಂದು ಭಾನುವಾರ ಬಸ್ಸು ಹತ್ತಿದವಳು ಬಿ.ಸಿ.ರೋಡಿನಲ್ಲಿ ಇಳಿದು, ಒಂದು ಚಹಾ ಕುಡಿದು, ಧೈರ್ಯ ಸಾಲದೆ ಹಿಂದಿರುಗಿದೆ. ಹಾಗಾಗಿ ಈ ಕಾಗದ. ನಿಮ್ಮ ಸೂಪರ್‌ವೈಸರ್ ಆಗಿ ಹಾಜರಿ ಪುಸ್ತಕ ಬರೆಯುವುದು ಬಿಟ್ಟರೆ ನಾನು ಬೇರೇನಾದರೂ ಬರೆದು ಎಷ್ಟು ವರ್ಷವಾಯಿತೋ. ತಪ್ಪುಗಳಿದ್ದರೆ ನಗು, ಆದರೆ ಕೊನೆಯವರೆಗೂ ಓದು.

ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಫ್ಯಾಕ್ಟರಿಯಿಂದ ಗೇರುಬೀಜ ಕದಿಯುತ್ತಿದ್ದವರು ಯಾರು ಎಂದು ಗೊತ್ತಾಗಿದೆ. ನೀನಲ್ಲ ಎಂಬುದು ನಿನಗೆ ಗೊತ್ತೇ ಇತ್ತು, ಈಗ ಧನಿಗಳಿಗೂ ಗೊತ್ತಾಯಿತು. ಕದ್ದವನು ಜತ್ತಪ್ಪ. ಹೌದು, ನನ್ನ ಒಡಹುಟ್ಟಿದ ತಮ್ಮ. ಧನಿಗಳ ಹತ್ತಿರ ಮೂರು ಸಲ ಕೇಳಿಕೊಂಡು ಅವನನ್ನು ಗೋದಾಮಿನ ಕೆಲಸಕ್ಕೆ ಸೇರಿಸಿದವಳೂ ನಾನೇ.

ಏಪ್ರಿಲಿನ ಆ ಸಂಜೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಲವತ್ತೆರಡು ಹೆಂಗಸರನ್ನು ಮುಂದಿನ ಗೇಟಿನಲ್ಲಿ ಸಾಲಾಗಿ ನಿಲ್ಲಿಸಿ ಚೀಲ, ಬುತ್ತಿಪಾತ್ರೆ ಎಲ್ಲ ಬಿಡಿಸಿ ನೋಡಿದರು. ಧನಿಗಳು ಮೊದಲು ನಿನ್ನನ್ನೇ ಕರೆದರು. ಬುರ್ಖಾವನ್ನೂ ಕೊಡವಲು ಹೇಳಿದರು. ಸಿಕ್ಕಿದ್ದು ಬಂಗುಡೆ ಸಾರಿನ ಖಾಲಿ ಡಬ್ಬಿ. ಮರುದಿನದಿಂದ ನೀನು ಬರಲಿಲ್ಲ. ನೀನು ಹೋದ ಮೇಲೆ ಒಂದು ತಿಂಗಳು ಏನೂ ಕಾಣೆಯಾಗಲಿಲ್ಲ, ನೋಡು, ಅದೇ ನಿನಗೆ ಮುಳುವಾಯಿತು. ಕಳ್ಳಿ ಹೋದಳು, ಕಳವು ನಿಂತಿತು ಎಂದು ಇಡೀ ಹಾಲ್ ಮಾತಾಡಿಕೊಂಡಿತು. ಜತ್ತಪ್ಪನಿಗೆ ಬೇಕಾಗಿದ್ದದ್ದೂ ಅಷ್ಟೇ.

ಮೇ ತಿಂಗಳಲ್ಲಿ ಮತ್ತೆ ತೂಕ ಕಡಿಮೆ ಬರತೊಡಗಿತು. ಹೆಂಗಸರ ಚೀಲ ನೋಡುವುದು ಮಾತ್ರ ದಿನವೂ ನಡೆದೇ ಇತ್ತು. ಹೋದ ವಾರದ ಶುಕ್ರವಾರ ಹಿಂದಿನ ಗೇಟಿನ ಹತ್ತಿರ ನೆಲ ಗುಡಿಸಿರಲಿಲ್ಲ. ಬೈದುಕೊಳ್ಳುತ್ತಾ ನಾನೇ ಹಿಡಿಸೂಡಿ ತೆಗೆದುಕೊಂಡು ಹೋದೆ. ಬೀಜದಿಂದ ಸುಲಿದ ಕೆಂಪು ಸಿಪ್ಪೆಯ ಗೋಣಿಗಳು ಅಲ್ಲಿ ಟೆಂಪೋಗೆ ಕಾಯುತ್ತಿರುತ್ತವಲ್ಲ. ಆ ಗೋಣಿಗಳು ಎಷ್ಟು ಹಗುರ ಎಂದು ನಿನಗೆ ಹೇಳಬೇಕಾಗಿಲ್ಲ, ಒಂದು ಕೈಯಲ್ಲಿ ಎಳೆದರೆ ಬರುತ್ತವೆ. ಒಂದು ಗೋಣಿ ಮಾತ್ರ ಎರಡು ಕೈ ಹಾಕಿದರೂ ಕದಲಲಿಲ್ಲ. ಹೊಲಿಗೆ ಬಿಚ್ಚಿದೆ. ಮೇಲೆ ನಾಲ್ಕು ಬೆರಳು ಸಿಪ್ಪೆ, ಕೆಳಗೆಲ್ಲ ಒಂದೂ ತುಂಡಾಗದ ಬಿಳಿ ಬೀಜ. ಗೋಣಿಯ ಬಾಯಿ ಹೊಲಿಯುವುದು ಜತ್ತಪ್ಪನ ಕೆಲಸ, ತೂಗುವುದೂ ಅವನದೇ, ಟೆಂಪೋಗೆ ಏರಿಸುವುದೂ ಅವನದೇ. ಕಸವನ್ನು ಯಾರು ತೆರೆದು ನೋಡುತ್ತಾರೆ? ನಾವು ಮುಂದೆ ನಿಂತು ಅನ್ನದ ಡಬ್ಬಿಗಳನ್ನು ಮೂಸಿ ನೋಡುತ್ತಿದ್ದೆವು.

ಅವನನ್ನು ಕರೆದು ಕೇಳಿದೆ. ಅವನು ತಲೆ ತಗ್ಗಿಸಲಿಲ್ಲ. ಅಕ್ಕಾ, ಹೆಸರು ಹೇಗೂ ಅವಳ ಮೇಲೆ ಉಂಟಲ್ಲ, ಅವಳು ಹೋಗಿಯೂ ಆಯ್ತು, ಹಾಗೇ ಇರ್ಲಿ ಬಿಡು ಅಂದ. ಅಲ್ಲಿಯವರೆಗೆ ನನ್ನ ಮನಸ್ಸು ಆಚೆ ಈಚೆ ಓಲಾಡುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆ ಮಾತು ಕೇಳಿದ ಮೇಲೆ ನೇರ ಆಫೀಸಿಗೆ ಹೋದೆ.

ಧನಿಗಳಿಗೂ ಸದ್ದಿಲ್ಲದೆ ಮುಗಿಸುವ ಆಸೆ. ಮನೆಯೊಳಗೇ ಮುಗಿಸುವ, ಪ್ರೇಮಾ, ಪೊಲೀಸು ಎಲ್ಲ ಬೇಡ, ನಾಳೆಯಿಂದ ಅವ ಬರುವುದು ಬೇಡ ಅಂತ ಹೇಳ್ತೇನೆ, ನಿನ್ನ ಮರ್ಯಾದೆಯೂ ಉಳೀತದೆ ಎಂದರು. ಮಿಸ್ರಿಯಾಳ ಬುರ್ಖಾ ಕೊಡವಿಸಿದ್ದು ಮನೆಯೊಳಗೆ ಆಗಿತ್ತಾ ಧನಿಗಳೇ ಅಂತ ಕೇಳಿದೆ. ಮರುದಿನ ಅವರೇ ಠಾಣೆಯಲ್ಲಿ ದೂರು ಕೊಟ್ಟರು. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಇದೆ. ಅಮ್ಮ ಅಂದಿನಿಂದ ನನ್ನ ಕೈಯ ಊಟ ಮಾಡುವುದಿಲ್ಲ. ಸಂಕಟವಾಗುತ್ತದೆ, ಆದರೆ ಸಹಿ ಹಿಂದೆ ತೆಗೆಯುವುದಿಲ್ಲ.

ಧನಿಗಳಿಂದ ಹೊಸ ನಿಯಮಗಳನ್ನೂ ಬರೆಸಿದ್ದೇನೆ. ಇನ್ನು ಮೇಲೆ ಕಸದ ಗೋಣಿಯಾದರೂ ತೂಗದೆ ಹೊರಗೆ ಹೋಗುವಂತಿಲ್ಲ. ತೂಗುವವರು ಬೇರೆ, ಹೊಲಿಯುವವರು ಬೇರೆ, ಎರಡೂ ಸಹಿ ಬೇಕು. ಯಾರ ಮೇಲಾದರೂ ಅನುಮಾನ ಬಂದರೆ ಒಳಗೆ ಕೂರಿಸಿ, ಇನ್ನೊಬ್ಬ ಹೆಂಗಸಿನ ಎದುರು ಕೇಳಬೇಕು, ಅಂಗಳದಲ್ಲಲ್ಲ. ಚೀಲ ನೋಡಲೇಬೇಕೆಂದಿದ್ದರೆ ಧನಿಗಳ ಕಾರಿನ ಡಿಕ್ಕಿಯಿಂದ ಶುರುವಾಗಲಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಆದರೆ ಅದನ್ನೂ ಬರೆದುಕೊಂಡರು.

23ನೇ ತಾರೀಕು ಸೋಮವಾರ ಬೆಳಿಗ್ಗೆ ಎಲ್ಲರನ್ನೂ ಅದೇ ಮುಂದಿನ ಗೇಟಿನಲ್ಲಿ ಸೇರಿಸಿ, ಕದ್ದವನು ಯಾರು, ಕದಿಯದವಳು ಯಾರು ಎಂದು ಹೆಸರು ಹಿಡಿದು ಹೇಳುವುದೆಂದು ತೀರ್ಮಾನವಾಗಿದೆ. ಮಾತಾಡುವವಳು ನಾನು. ನೀನು ಬಾ. ಕೆಲಸಕ್ಕೆ ಮರಳು ಎಂದು ಒತ್ತಾಯಿಸುವುದಿಲ್ಲ, ಅದು ನಿನಗೆ ಬಿಟ್ಟದ್ದು. ನಿನ್ನ ಹೆಸರಿಗಂಟಿದ ಕಳಂಕ ತೊಳೆದು ಹೋಗುವುದನ್ನು ನೀನು ನಿಂತು ಕೇಳಬೇಕು, ಅಷ್ಟೇ ನನ್ನ ಆಸೆ. ಬಾರದಿದ್ದರೂ ನಾನು ಹೇಳಿಯೇ ತೀರುತ್ತೇನೆ. ಈ ಸಲ ಬಕ್ರೀದಿಗೆ ನಿನ್ನ ಮನೆಯ ತುಪ್ಪದನ್ನ ಬರಲಿಲ್ಲ. ನಿನ್ನನ್ನು ತುಂಬ ನೆನೆಸಿಕೊಂಡೆ.

ನಿನ್ನ,
ಪ್ರೇಮಾವತಿ

ತಾ.ಕ.: ಧನಿಗಳು ಮೊದಲು ನಿನ್ನನ್ನೇ ಕರೆದರು ಎಂದು ಮೇಲೆ ಬರೆದಿದ್ದೇನೆ. ಅದು ಅರ್ಧ ನಿಜ. ಯಾರಿಂದ ಶುರು ಮಾಡುವುದು ಎಂದು ಅವರು ನನ್ನನ್ನು ಕೇಳಿದ್ದರು. ಮಿಸ್ರಿಯಾಳಿಂದ ಎಂದವಳು ನಾನು. ಬುರ್ಖಾದೊಳಗೆ ಬೇಕಾದಷ್ಟು ಜಾಗ ಉಂಟಲ್ಲ ಎಂದವಳೂ ನಾನೇ. ಹದಿನಾರು ವರ್ಷ ನಿನ್ನ ಪಕ್ಕದಲ್ಲಿ ಕೂತು ಬೀಜ ಸುಲಿದವಳು ಹಾಗೆ ಹೇಳಿದೆ. ಸೋಮವಾರ ಜತ್ತಪ್ಪನ ಹೆಸರು ಹೇಳುವ ಮೊದಲು ಇದನ್ನು ಹೇಳುತ್ತೇನೆ. ನೀನು ಇನ್ನೊಬ್ಬರ ಬಾಯಿಂದ ಕೇಳಬಾರದೆಂದು ಇವತ್ತೇ ಬರೆದೆ.