ಬೆಲ್ಟಿನ ಬೇರಿಂಗ್ ಮೇಲೆ ಊಟ ಬಿಸಿ ಮಾಡುವ ಗಣಿಯ ಕುರಿತು

ಮಾನ್ಯ ಗಣಿ ಸುರಕ್ಷತಾಧಿಕಾರಿಗಳೇ,

ನಾನು ಹೈಸ್ಕೂಲು ಮುಗಿಸಿದವಳು, ಗಣಿ ಕಾಲೋನಿಯ ಮೂಲೆಮನೆಯ ಯಜಮಾನಿ. ನನ್ನ ಮಾತನ್ನು ಈ ಬೀದಿಯಲ್ಲಿ ಯಾರೂ ತೆಗೆದುಹಾಕಿಲ್ಲ, ನೀವು ಮೊದಲಿಗರಾಗಬೇಡಿ. ನನ್ನ ಇಬ್ಬರು ಗಂಡುಮಕ್ಕಳೂ ಅಳಿಯನೂ ದಿನಾ ಇಳಿಯುವ ಕಲ್ಲಿದ್ದಲು ಗಣಿಯನ್ನು ಪರೀಕ್ಷಿಸಿ, ಅಲ್ಲಿ ಕಲ್ಲಿದ್ದಲು ಸಾಗಿಸುವ ಬೆಲ್ಟಿನಿಂದ ಸ್ಫೋಟದ ಅಪಾಯ 'ಅತ್ಯಲ್ಪ' ಎಂದು ನೀವು ಬರೆದುಕೊಟ್ಟಿದ್ದೀರಿ. ಅದು ಸುಳ್ಳು.

ನನಗೆ ಹೇಗೆ ಗೊತ್ತು ಎನ್ನುವಿರಾ? ನನ್ನ ಅಡುಗೆಯಿಂದ ಗೊತ್ತಾಯಿತು. ಹೋದ ವಾರ ಕಿರಿಯ ಮಗ ತಟ್ಟೆಯ ಮುಂದೆ ಕೂತು, "ಅಮ್ಮ, ಮನೇಗಿಂತ ಗಣೀಲೇ ಊಟ ಬಿಸಿ ಇರುತ್ತೆ" ಅಂದ. ನನ್ನ ಅಡುಗೆಮನೆಯಲ್ಲೇ ಕೂತು! ಬೆಳಗ್ಗೆ ನಾನು ಕಟ್ಟಿದ ಡಬ್ಬಿ ಮಧ್ಯಾಹ್ನ ಬಿಸಿ ಇರುವುದು ಹೇಗೆ? ಯಾವಳೋ ಬಿಸಿ ಮಾಡಿಕೊಡುತ್ತಿದ್ದಾಳೆಂದು ಸೊಸೆ ಮುಖ ಊದಿಸಿಕೊಂಡಳು. ನಾನು ಅಳಿಯನನ್ನು ಕರೆದು ವಿಚಾರಿಸಿದೆ.

"ಏನಪ್ಪಾ, ಕೆಳಗೆ ಒಲೆ ಇಟ್ಟಿದ್ದಾರಾ?"

"ಒಲೆ ಎಲ್ಲಿಂದ ಬಂತು ಅತ್ತೆ? ಬೆಂಕಿಪೊಟ್ಟಣ ಒಯ್ದರೇ ಕೆಲಸದಿಂದ ತೆಗೀತಾರೆ. ಬೆಲ್ಟ್ ಎಳೆಯೋ ಡ್ರಮ್ಮಿದೆಯಲ್ಲ, ಅದರ ಬೇರಿಂಗ್ ಸವೆದು, ಉಜ್ಜಿ ಉಜ್ಜಿ ಕಾದಿರುತ್ತೆ. ಡಬ್ಬಿ ಅದರ ಮೇಲಿಟ್ರೆ ಸಾಕು, ಹಬೆ ಬರುತ್ತೆ."

"ಅಲ್ಲೆಲ್ಲಾ ಕಲ್ಲಿದ್ದಲ ಪುಡಿ ಇರಲ್ವಾ?"

"ಇರುತ್ತೆ. ಚೆನ್ನಾಗಿ ಊದಿ ಆಮೇಲೆ ಇಡ್ತೀವಿ. ನಿಮ್ಮ ಅಡುಗೆ ಮೇಲೆ ಧೂಳು ಬೀಳಬಾರದಲ್ಲ!"

ಊದುತ್ತಾರಂತೆ, ಮಾನ್ಯರೇ! ಕಾದ ಕಬ್ಬಿಣದ ಸುತ್ತ, ಯಾವಾಗ ಅನಿಲ ಸೋರುವುದೋ ತಿಳಿಯದ ಸುರಂಗದಲ್ಲಿ, ಬಿಸಿ ತಾಗಿದರೆ ಸಿಡಿಯುವ ಕಲ್ಲಿದ್ದಲ ಧೂಳನ್ನು ನನ್ನ ಅಡುಗೆಯ ಗೌರವಕ್ಕಾಗಿ ಗಾಳಿಗೆ ಎಬ್ಬಿಸುತ್ತಾರೆ. ಡಬ್ಬಿ ಇಡುವುದಕ್ಕೂ ಹಿರಿತನದ ಸರದಿಯಂತೆ. ನನ್ನ ಹಿರಿಮಗ ಮೇಸ್ತ್ರಿ. ಹಾಗಾಗಿ ಅವನ ಡಬ್ಬಿಗೆ ನಟ್ಟನಡುವಿನ ಜಾಗ. ಇದನ್ನು ಅವನು ಎದೆಯುಬ್ಬಿಸಿಕೊಂಡು ಹೇಳಿದ.

ಇದೆಲ್ಲ ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ಹೇಗೆ ಬಿದ್ದೀತು! ನೀವು ಬರುವ ಸುದ್ದಿ ನಿಮಗಿಂತ ಮೊದಲೇ ಬರುತ್ತದೆ. ಬೆಲ್ಟು ನಿಲ್ಲಿಸುತ್ತಾರೆ, ಧೂಳು ತೊಳೆಯುತ್ತಾರೆ, ಬೇರಿಂಗಿಗೆ ಹಳದಿ ಬಣ್ಣ ಬಳಿಯುತ್ತಾರೆ. ನಿಂತ ಯಂತ್ರ ಮುಟ್ಟಿ 'ತಣ್ಣಗಿದೆ' ಎಂದು ಬರೆಯಲು ಅಷ್ಟು ದೊಡ್ಡ ಹುದ್ದೆ ಯಾಕೆ? ನಮ್ಮ ಬೆಕ್ಕೂ ಒಲೆ ಆರಿದ ಮೇಲೆ ಧೈರ್ಯವಾಗಿ ಅದರ ಮೇಲೆ ಮಲಗುತ್ತದೆ. ನೀವು ಬಂದ ದಿನ ಗಣಿಯವರೆಲ್ಲ ತಣ್ಣನೆಯ ಊಟ ಮಾಡಿ ನಿಮ್ಮನ್ನು ಬೈದುಕೊಂಡರು. ನಿಮ್ಮ ತಪಾಸಣೆಯಿಂದ ಆದದ್ದು ಇಷ್ಟೇ.

ಆದ್ದರಿಂದ, ಹೇಳದೆ ಕೇಳದೆ ಬನ್ನಿ. ಬೆಲ್ಟು ತುಂಬಾ ಕಲ್ಲಿದ್ದಲು ಹೊತ್ತು ಓಡುತ್ತಿರುವಾಗ ಆ ಬೇರಿಂಗಿನ ಶಾಖ ಅಳೆಯಿರಿ, ಧೂಳು ಅಳೆಯಿರಿ, ಬೇರಿಂಗು ಬದಲಿಸುವವರೆಗೆ ಅಲ್ಲಿಂದ ಕದಲಬೇಡಿ.

ನಿಮ್ಮ ಉತ್ತರಕ್ಕೆ ಕಾಯುತ್ತಾ ಕೂರುವ ಜಾಯಮಾನ ನನ್ನದಲ್ಲ. ಇವತ್ತು ಬೆಳಗ್ಗೆಯೇ ಮೂವರ ಬೂಟುಗಳನ್ನೂ ನನ್ನ ಬೀರುವಿಗೆ ಹಾಕಿ ಬೀಗ ಜಡಿದೆ.

"ಅಮ್ಮ, ಸಂಬಳ ಹೋಗುತ್ತೆ" ಅಂದ ಹಿರಿಯ.

"ಹೋಗ್ಲಿ. ನೀನಿರು" ಅಂದೆ.

ಪಕ್ಕದ ಮನೆಯವಳು ನೋಡಿ, ತನ್ನ ಗಂಡನ ಬೂಟನ್ನೂ ತಂದುಕೊಟ್ಟಳು. ಅವಳ ಹಿಂದೆ ಇಡೀ ಸಾಲು ಬಂತು. ಬೀರು ಸಾಲದೆ ನನ್ನ ಬಟ್ಟೆಗಳೆಲ್ಲ ಕುರ್ಚಿಯ ಮೇಲೆ ಬಂದಿವೆ. ಪಾಳಿಗೆ ಯಾರೂ ಇಳಿದಿಲ್ಲ, ಬೆಲ್ಟು ನಿಂತಿದೆ. ಬೀಗದ ಕೈ ನನ್ನ ಸೊಂಟದಲ್ಲಿದೆ.

ಇಂತಿ,
ಊರ ಗಂಡಸರ ಬೂಟಿನ ವಾಸನೆಯಲ್ಲಿ ಮೂಗು ಮುಚ್ಚಿಕೊಂಡು ಕೂತಿರುವ,
ಮೂಲೆಮನೆಯ ಯಜಮಾನಿ