ಇನ್ನೊಬ್ಬನ ನೆರಿಗೆ

ಗ್ಲೆನ್ ಆರ್ಡಿ
ಭಾನುವಾರ, ೨೬ ಆಗಸ್ಟ್ ೧೯೮೪

ಪ್ರೀತಿಯ ಎಲ್ಸ್‌ಪೆತ್,

ನಿಮ್ಮಮ್ಮ ಚರ್ಚಿಗೆ ಹೋಗಿದ್ದಾರೆ. ಪಾದ್ರಿಯ ಮಾತು ಇವತ್ತಾದರೂ ಉದ್ದವಿರಲಿ ಎಂದು ಬೇಡಿಕೊಳ್ಳುತ್ತ, ಶೆಡ್ಡಿನಲ್ಲಿ ನನ್ನ ಬಡಗಿ ಮೇಜಿನ ಮೇಲಿನ ಹೊಟ್ಟು ಸರಿಸಿ ಇದನ್ನು ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಆ ಫೋನ್ ಎಲ್ಲಿದೆ, ಅದರ ಪಕ್ಕದ ಕುರ್ಚಿಯಲ್ಲಿ ಯಾರು ಮೈಯೆಲ್ಲ ಕಿವಿಯಾಗಿ ಕಾಲುಚೀಲ ಹೆಣೆಯುತ್ತಿರುತ್ತಾರೆ ಎಂಬುದು ನಿನಗೆ ಗೊತ್ತಿರುವುದೇ. ಹೋದ ವಾರ ನೀನು ಮಾತಾಡಿದಾಗ ಹೂಂ, ಉಹೂಂ, ಇಲ್ಲಿ ಮಳೆ ಎಂಬುದರಾಚೆ ನಾನು ಬಾಯಿ ಬಿಡಲಿಲ್ಲ. ನೀನೂ ಅಲ್ಲಿ ಗಾಳಿ ಎಂದೆ. ಗಂಡ ಹೆಂಡತಿ ಕೂಡಿ ರೇಡಿಯೋದ ಹವಾಮಾನ ವರದಿ ಓದಿದ ಹಾಗಾಯಿತು.

ಶೆಟ್‌ಲ್ಯಾಂಡಿನ ಆಸ್ಪತ್ರೆಯಲ್ಲಿ ಬೇಸಿಗೆಯವರೆಗೆ ಮಾತ್ರ ಕೆಲಸ ಎಂದು ಹೋದವಳು ನೀನು. ಬೇಸಿಗೆ ಮುಗಿಯುತ್ತ ಬಂತು. ಯಾವಾಗ ಬರುತ್ತೀಯ ಎಂದು ನಾನು ಕೇಳಿಲ್ಲ. ಯಾಕೆ ಹೋದೆ ಎಂದೂ ಕೇಳಿಲ್ಲ. ಕಾರಣ ನನಗೆ ಗೊತ್ತಿತ್ತು, ಗೊತ್ತಿದೆ ಎಂದು ಹೇಳಲು ಧೈರ್ಯವಿರಲಿಲ್ಲ.

ನೆನಪಿದೆಯಾ, ನಾವು ಈ ಮನೆಗೆ ಬಂದದ್ದು ಒಂದು ತಿಂಗಳ ಮಟ್ಟಿಗೆ. ಸೇತುವೆಯ ಮೇಲೆ ಹಿಮಕ್ಕೆ ಬೈಕು ಜಾರಿ ನಿನ್ನ ತಮ್ಮ ಗ್ರೆಗರ್ ಹೋದ ಚಳಿಗಾಲ ಅದು. ಅಮ್ಮನನ್ನು ಒಬ್ಬರೇ ಬಿಡುವುದು ಬೇಡ, ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದೆ ನೀನು. ನಾನೂ ಆಗಲಿ ಎಂದೆ. ಆ ತಿಂಗಳು ಇನ್ನೂ ಮುಗಿದಿಲ್ಲ. ಮೊದಲು ಗ್ರೆಗರ್‌ನ ಕುರ್ಚಿ ಸಿಕ್ಕಿತು, ಆಮೇಲೆ ಅವನ ಗಂಜಿ ಬಟ್ಟಲು, ಅವನ ಬೂಟು, ಅವನ ನಾಯಿ. ಒಂದೊಂದನ್ನೂ ನಿಮ್ಮಮ್ಮ ಎಷ್ಟು ಅಕ್ಕರೆಯಿಂದ ಮುಂದಿಟ್ಟರೆಂದರೆ, ಬೇಡ ಎಂದರೆ ಅವನನ್ನು ಎರಡನೆಯ ಸಲ ಹೂಳಿದಂತಾಗುತ್ತಿತ್ತು. ಹಾಗಾಗಿ ಎಲ್ಲವನ್ನೂ ತೆಗೆದುಕೊಂಡೆ. ಕೊನೆಗೆ, ಊರ ಗಂಡಸರೆಲ್ಲ ಕಿಲ್ಟ್ ಉಟ್ಟು ಮನೆಮನೆಗೆ ಸಾಗುವ ಆಗಸ್ಟ್ ಮೆರವಣಿಗೆಯ ದಿನ ಅವನ ಕಿಲ್ಟ್ ಬಂತು.

ನಾನು ಐಮತ್‌ನ ಮೀನುಗಾರರ ಮನೆಯವನು. ನಮ್ಮ ಕರಾವಳಿಯಲ್ಲಿ ಮೊಣಕಾಲುದ್ದದ ಆ ನೆರಿಗೆ ಲಂಗ, ಕಿಲ್ಟ್, ಉಟ್ಟ ಗಂಡಸು ಎಂದರೆ ಬಿಸ್ಕತ್ತಿನ ಡಬ್ಬದ ಮೇಲಿನ ಚಿತ್ರ. ಮದುವೆಗೂ ನಾನು ಪ್ಯಾಂಟನ್ನೇ ಹಾಕಿದ್ದೆ, ನಿಮ್ಮ ಕಡೆಯವರು ಮುಖ ಸಿಂಡರಿಸಿದ್ದರು. ಅಂಥವನಿಗೆ ಬಾಗಿಲಗಲದ ಗ್ರೆಗರ್‌ನ ಕಿಲ್ಟ್. ಪಟ್ಟಿಗಳನ್ನು ಕೊನೆಯ ತೂತಿನವರೆಗೆ ಎಳೆದರೂ ಸಡಿಲ. ಹಿಂದೆ ಬೆನ್ನಿನ ಮಧ್ಯಕ್ಕೆ ಬರಬೇಕಾದ ನೆರಿಗೆಗಳು ಸೊಂಟದ ಒಂದು ಪಕ್ಕಕ್ಕೆ ಸರಿದು ಜೋಲುತ್ತಿದ್ದವು. ಪಟ್ಟಿ ಒಂದಿಷ್ಟು ಸರಿಸಿ ಹೊಲಿಸಿದರೆ ಆಗುತ್ತದೆ ಎಂದರೆ ನಿಮ್ಮಮ್ಮ, ಅದಕ್ಕೆ ಸೂಜಿ ತಾಗಿಸಕೂಡದು ಎಂದರು. ಗಾಳಿಗೆ ಮುಂದಿನ ಪದರ ಹಾರೀತೆಂಬ ಭಯಕ್ಕೆ ನಾನು ಪಿನ್ನನ್ನು ಮೇಲಿನ ಪದರಕ್ಕಷ್ಟೇ ಚುಚ್ಚದೆ, ಎರಡೂ ಪದರಕ್ಕೆ ಸೇರಿಸಿ ಚುಚ್ಚಿಬಿಟ್ಟಿದ್ದೆ. ನಡೆದರೆ ಬಟ್ಟೆ ಕಾಲಿಗೆ ಸುತ್ತಿ ಮೇಕೆಯಂತೆ ಕುಪ್ಪಳಿಸಬೇಕು. ಮೆರವಣಿಗೆಯ ಮುಖಂಡ ಮುಂಗೋ ರೀಡ್, ಏನಪ್ಪಾ, ಒಳಗಿರೋದು ಕಳುವಾಗತ್ತೆ ಅಂತ ಬೀಗ ಹಾಕ್ಕೊಂಡಿದೀಯಾ ಎಂದು ಕೇಳಿದ. ಮಗ ಹೋದ ಮೇಲೆ ನಿಮ್ಮಮ್ಮ ನಕ್ಕದ್ದು ಅಂದೇ ಮೊದಲು. ಆ ನಗುವಿಗಾಗಿ ಪ್ರತಿ ವರ್ಷವೂ ಅದನ್ನೇ ಉಟ್ಟೆ.

ಈಗ ಹೋದ ವರ್ಷದ ಮಾತು. ನಾವೆಲ್ಲ ಸಾಲಾಗಿ ಸೇತುವೆ ದಾಟುತ್ತಿದ್ದೆವು. ನೀನು ಹೆಂಗಸರ ಜೊತೆ ಹಿಂದೆ ನಿಂತಿದ್ದೆ. ಹಿಂದಿನಿಂದ ಆ ಕಿಲ್ಟ್ ಕಂಡು ನಿನ್ನ ಬಾಯಿಂದ ಗ್ರೆಗರ್ ಎಂಬ ಕೂಗು ಬಂತು. ಕೂಗಿದವಳೇ ನೀನು ಕೈಯಿಂದ ಬಾಯಿ ಮುಚ್ಚಿಕೊಂಡೆ. ಅದನ್ನು ನಾನು ಕಂಡೆ. ಹೇಗೆ ಕಂಡೆ ಎಂದರೆ, ನಾನು ತಿರುಗಿದ್ದೆ. ಸತ್ತವನ ಹೆಸರಿಗೆ ನಾನು ತಿರುಗಿ ನೋಡಿದೆ, ಎಲ್ಸ್‌ಪೆತ್. ಅಂದಿನಿಂದ ನೀನು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದೆ. ತಮ್ಮನಾಗಿಹೋದವನ ಪಕ್ಕದಲ್ಲಿ ಯಾವ ಹೆಂಗಸು ತಾನೇ ಮಲಗಿಯಾಳು? ನೀನು ಶೆಟ್‌ಲ್ಯಾಂಡಿಗೆ ಹೊರಟಾಗ ನಾನು ತಡೆಯಲಿಲ್ಲ. ನಿನಗಾದರೂ ಹೋಗಲು ಒಂದು ಜಾಗವಿದೆಯಲ್ಲ ಎಂದು ಹೊಟ್ಟೆಕಿಚ್ಚಾಯಿತು, ಅಷ್ಟೆ.

ನೀನು ಹೋದ ಮೇಲೆ ಮನೆ ಇನ್ನೂ ಬಿಗಿಯಾಯಿತು. ಒಂದು ದಿನ ಗ್ರೆಗರ್‌ನ ಕಿಲ್ಟಿನ ಒಳಪದರಕ್ಕೆ ನುಸಿ ಹಿಡಿದದ್ದನ್ನು ಕಂಡು ನಿಮ್ಮಮ್ಮ ಅದನ್ನು ಕೊಟ್ಟು ನನ್ನನ್ನು ಪಕ್ಕದ ಊರಿನಲ್ಲಿ ಕಿಲ್ಟ್ ಹೊಲಿಯುವ ವಿಲ್ಮಾ ಹತ್ತಿರ ಕಳಿಸಿದರು. ಒಳಪದರ ಮಾತ್ರ, ಹೊರಗೆ ಏನೂ ಮುಟ್ಟಬಾರದು ಎಂದು ಬಾಗಿಲವರೆಗೆ ಬಂದು ಹೇಳಿದರು. ವಿಲ್ಮಾಳನ್ನು ನೀನು ಬಲ್ಲೆ, ಬಾಯಿ ತುಂಬ ಗುಂಡುಸೂಜಿ ಇದ್ದರೂ ಮಾತು ನಿಲ್ಲದ ಹೆಂಗಸು. ಉಟ್ಟು ತೋರಿಸು ಎಂದಳು. ಉಟ್ಟೆ. ನನ್ನ ಸುತ್ತ ಒಂದು ಸುತ್ತು ಬಂದು ಕೇಳಿದಳು:

"ಏನಯ್ಯಾ, ಇದರೊಳಗೆ ಬಾಡಿಗೆಗೆ ಇದೀಯಾ?"

ನನಗೆ ನಗು ಬರಲಿಲ್ಲ, ಅಳು ಬಂತು. ನುಂಗಿಕೊಂಡೆ. ಅವಳು ನೋಡದವಳಂತೆ ಕಿಲ್ಟ್ ಬಿಚ್ಚಿಸಿ ಮೇಜಿನ ಮೇಲೆ ಬೋರಲು ಹಾಕಿ ಒಳಗನ್ನು ತೋರಿಸಿದಳು. ಇಷ್ಟು ವರ್ಷ ಉಟ್ಟವನು ನಾನು ಅದರ ಒಳಗನ್ನು ನೋಡಿರಲೇ ಇಲ್ಲ. ಗಜಗಟ್ಟಲೆ ಬಟ್ಟೆ ನೆರಿಗೆಯಾಗಿ ಮಡಚಿ ಒಳಗೆ ಕೂತಿದೆ. ಆದರೂ ಹೊರಗಿನ ಚೌಕುಳಿಯ ಒಂದು ಗೆರೆಯೂ ಮುರಿದಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೆಯೇ. ಬಡಗಿಯಾದ ನನಗೆ ಒಳ್ಳೆಯ ಜೋಡಣೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಒಂದೊಂದು ಮಡಿಕೆಯನ್ನೂ ಬೆರಳಿನಿಂದ ಸವರಿ ನೋಡಿದೆ. ನನಗೆ ಬೇಡವಾದದ್ದು ಕಿಲ್ಟ್ ಅಲ್ಲ, ಆ ಮನುಷ್ಯನ ಅಳತೆ ಎಂದು ಆ ಮೇಜಿನ ಮುಂದೆ ಗೊತ್ತಾಯಿತು. ನನಗೊಂದು ಹೊಲಿದುಕೊಡು ಎಂದೆ.

ಯಾವ ಟಾರ್ಟನ್, ನಿಮ್ಮ ಮನೆತನದ ಚೌಕುಳಿ ಯಾವುದು ಎಂದು ಕೇಳಿದಳು. ಪರ್ವಿಸ್‌ಗಳಿಗೆ ಅಂಥದ್ದೇನೂ ಇಲ್ಲ, ಮೀನಿನ ಬಲೆಯೇ ನಮ್ಮ ಚೌಕುಳಿ ಎಂದೆ. ಅವಳು ಕಪಾಟಿನ ಅಡಿಯಿಂದ ಟ್ವೀಡ್ ಎಂಬ ದಪ್ಪ ಉಣ್ಣೆ ಬಟ್ಟೆ ಎಳೆದಳು. ನಮ್ಮ ಹೊಳೆಯ ಕಂದು ನೀರಿನ ಬಣ್ಣ, ಅದರಲ್ಲಿ ಅಲ್ಲೊಂದು ಇಲ್ಲೊಂದು ತುಕ್ಕಿನ ಎಳೆ. ಬೇಟೆಗಾಡು ಕಾಯುವವರ ಕೋಟಿಗೆ ಹಾಕುವ ಬಟ್ಟೆ. ಅಳತೆ ತೆಗೆಯುವಾಗ ನಾನು ಹೊಟ್ಟೆ ಒಳಗೆಳೆದುಕೊಂಡಿದ್ದಕ್ಕೆ ಬೈದಳು. ಉಸಿರು ಬಿಡು, ಇದು ನಿನ್ನ ಹೊಟ್ಟೆಗೇ ಹೊಲಿಯೋದು, ಊರವರ ಹೊಟ್ಟೆಗಲ್ಲ ಎಂದಳು. ಹೊಲಿಗೆಯ ಕೂಲಿಗೆ ಬದಲಾಗಿ ನಾನು ಅವಳಿಗೆ ಬಟ್ಟೆ ಕತ್ತರಿಸುವ ಮೇಜು ಮಾಡಿಕೊಟ್ಟೆ.

ಅದನ್ನು ತಂದು ಈ ಶೆಡ್ಡಿನಲ್ಲಿ, ಉಳಿ ಬಾಚಿಗಳ ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ. ಕದ್ದು ಸಿಗರೇಟು ಸೇದುವ ಹುಡುಗನ ಹಾಗೆ ನನ್ನ ಕಿಲ್ಟನ್ನು ಕದ್ದು ಉಟ್ಟೆ. ಬಾಗಿಲು ಮುಚ್ಚಿ ಮರ ಹೆರೆಯುವಾಗ ಉಡುವುದು, ಅಂಗಳದಲ್ಲಿ ಹೆಜ್ಜೆ ಕೇಳಿದರೆ ಪ್ಯಾಂಟಿಗೆ ತಡಕಾಡುವುದು. ನಗಬೇಡ. ನಿಮ್ಮಮ್ಮ ಪೇಟೆಗೆ ಹೋದ ದಿನ ಗುಡ್ಡ ಹತ್ತಿದೆ. ಕೂರುವಾಗ ಕೈ ಹಿಂದೆ ಒಯ್ದು ನೆರಿಗೆಯನ್ನು ಸವರಿ ಸರಿಮಾಡಿ ಕೂರುವುದು ತಾನಾಗಿ ಬಂತು. ಹತ್ತುವಾಗ ಮೊಣಕಾಲಿಗೆ ಯಾವುದರ ಹಂಗೂ ಇಲ್ಲ, ನಡುವಿಗೆ ಒಲೆಯ ಬಳಿ ಕೂತಷ್ಟು ಬೆಚ್ಚಗೆ, ಒಂದೊಂದು ಹೆಜ್ಜೆಗೂ ಹಿಂದಿನಿಂದ ಬಟ್ಟೆಯ ಭಾರ ತೂಗಿ ಮುಂದಕ್ಕೆ ದೂಡುತ್ತದೆ. ಮೊಣಕಾಲನ್ನು ಕಚ್ಚುವ ನೊಣಗಳಿಗೆ ಬಿಟ್ಟುಕೊಟ್ಟೆ ಎನ್ನುವುದನ್ನು ಬಿಟ್ಟರೆ, ನನಗೆ ಅಷ್ಟು ಸುಖವಾಗಿ ಎಷ್ಟೋ ಕಾಲವಾಗಿತ್ತು.

ಮೇಲೆ ಏನು ಹಾಕಬೇಕೆಂದು ತುಂಬ ಯೋಚಿಸಿದೆ, ಬೆಳ್ಳಿ ಗುಂಡಿಯ ಕೋಟು ನನ್ನ ಮೈಗೆ ಹೊಂದುವುದಿಲ್ಲ. ಅಪ್ಪ ದೋಣಿಯಲ್ಲಿ ಹಾಕುತ್ತಿದ್ದ ನೀಲಿ ಉಣ್ಣೆ ಸ್ವೆಟರ್ ಹಾಕಿಕೊಂಡೆ. ಕಾಲಿಗೆ ದಪ್ಪ ಬೂದು ಕಾಲುಚೀಲ, ಕೆಲಸದ ಬೂಟು. ಮುಂದೆ ಕಟ್ಟುವ ತುಪ್ಪಳದ ಚೀಲದ ಬದಲು ನಾನೇ ಹೊಲಿದ ಸಾದಾ ಚರ್ಮದ ಚೀಲ, ಅದರಲ್ಲಿ ಪೆನ್ಸಿಲು ಮತ್ತು ಮಡಚುವ ಅಳತೆಕೋಲು. ನಿನಗೆ ಇಷ್ಟವಾಗುತ್ತದೋ ಇಲ್ಲವೋ. ಕನ್ನಡಿಯಲ್ಲಿ ಕಂಡವನನ್ನು ಮಾತ್ರ ನಾನು ಗುರುತು ಹಿಡಿದೆ.

ಮೊನ್ನೆ ಶುಕ್ರವಾರ ನಿಮ್ಮಮ್ಮ ಇಕ್ಕಳ ಹುಡುಕುತ್ತ ಬಂದು ಆ ಪೆಟ್ಟಿಗೆ ತೆಗೆದರು. ನನ್ನ ಕಿಲ್ಟನ್ನು ನೋಡಿ ಮುಚ್ಚಳ ಹಾಕಿ ಹೋದರು. ಸಂಜೆ ಹೊಗೆಮೀನಿನ ಸಾರನ್ನು ಬಡಿಸಿ ಎದ್ದು ಹೋದರು. ನಾನು ಮೇಲೆ ಹೋಗಿ ನೋಡಿದರೆ ಹಾಸಿಗೆಯ ಮೇಲೆ ಗ್ರೆಗರ್‌ನ ಕಿಲ್ಟ್, ಇಸ್ತ್ರಿ ಮಾಡಿ, ನೆರಿಗೆ ಜೋಡಿಸಿ, ಪಕ್ಕದಲ್ಲಿ ಪಿನ್ನು, ಕಾಲುಚೀಲ, ಕೋಟು. ಮನುಷ್ಯನೇ ಮಲಗಿದ್ದಂತಿತ್ತು. ನಾನು ಕುರ್ಚಿಯಲ್ಲಿ ಕೂತು ನಿದ್ದೆ ಮಾಡಿದೆ.

ನಿನ್ನೆ ಮೆರವಣಿಗೆ. ಬೆಳಿಗ್ಗೆ ನನ್ನದನ್ನು ಉಟ್ಟು ಕೆಳಗಿಳಿದೆ. ನಿಮ್ಮಮ್ಮ ಮೆಟ್ಟಿಲ ಬುಡದಲ್ಲೇ ನಿಂತಿದ್ದರು. ಹಾಸಿಗೆ ಮೇಲಿಟ್ಟಿದ್ದು ಕಾಣಲಿಲ್ಲವಾ ಎಂದು ಕೇಳಿದರು. ಕಂಡಿತು, ಅದು ಗ್ರೆಗರ್‌ನದು ಎಂದೆ. ಇಷ್ಟು ವರ್ಷ ನಿನ್ನ ಮೈಮೇಲಿತ್ತಲ್ಲ ಎಂದರು. ಮೈಮೇಲಿದ್ದರೂ ಅವನದೇ ಎಂದೆ. ಅವರು ನನ್ನ ಕಿಲ್ಟಿನ ಅಂಚು ನೋಡಿ, "ಮಂಡಿ ಊರು" ಎಂದರು.

ನಿನಗೆ ಗೊತ್ತಲ್ಲ, ಮಂಡಿಯೂರಿದಾಗ ಅಂಚು ನೆಲ ಮುಟ್ಟಬಾರದು, ಮೇಲೂ ಹೋಗಬಾರದು ಎಂದು ಪ್ರತಿ ವರ್ಷ ಗ್ರೆಗರ್‌ನನ್ನು, ಆಮೇಲೆ ನನ್ನನ್ನು ಅಡುಗೆಮನೆಯಲ್ಲಿ ಮಂಡಿಯೂರಿಸಿ ನೋಡುತ್ತಿದ್ದರು. ಮಂಡಿಯೂರಿದೆ. ಅವರು ಬಗ್ಗಿ ಸುತ್ತಲೂ ಅಂಚಿಗೆ ಬೆರಳು ಓಡಿಸಿದರು. ಹಿಂದೆ ನೆರಿಗೆಯ ಮೇಲೆ ಬೆರಳು ನಿಂತಿತು.

"ಸರಿಯಾಗಿದೆ," ಎಂದರು. "ನಿನಗೆ ಅಂತಾನೇ ಹೊಲ್ದಿರೋದು ಗೊತ್ತಾಗತ್ತೆ. ಅದಕ್ಕೇ ನನ್ ಕೈಲಿ ನೋಡಕ್ಕಾಗ್ತಿಲ್ಲ."

ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಮೆರವಣಿಗೆಗೆ ಹೋದೆ. ಆಲೂಗಡ್ಡೆ ಮೂಟೆ ಎದ್ದು ನಡ್ಕೊಂಡು ಬರ್ತಿದೆ ನೋಡ್ರೋ ಎಂದ ಮುಂಗೋ. ಆದರೆ ಸಾಲಿನಲ್ಲಿ ಜಾಗ ಬಿಟ್ಟ. ಎಂದಿನಂತೆ ಒಂದೊಂದು ಮನೆಯ ಮುಂದೆ ನಿಂತು, ವಿಸ್ಕಿ ಕುಡಿದು, ನಮ್ಮ ಮನೆಗೂ ಬಂದೆವು. ಬ್ಯಾಗ್‌ಪೈಪ್ ವಾದ್ಯ ನಿಂತಿತು. ಬಾಗಿಲು ತೆರೆಯಲಿಲ್ಲ. ಬೆತಿಯಾ, ಗಂಟಲು ಒಣಗ್ತಿದೆ ಎಂದು ಮುಂಗೋ ನಿಮ್ಮಮ್ಮನನ್ನು ಕೂಗಿದ. ಗ್ರೆಗರ್ ಸತ್ತ ವರ್ಷವೂ ಆ ಬಾಗಿಲು ಮುಚ್ಚಿರಲಿಲ್ಲ. ಎಲ್ಲರೂ ನನ್ನನ್ನೇ ನೋಡತೊಡಗಿದರು. ಓಡಿಹೋಗಿ ಮಹಡಿಯ ಮೇಲಿದ್ದ ಗ್ರೆಗರ್‌ನದನ್ನು ಉಟ್ಟು ಬಂದುಬಿಡಲೇ ಎನಿಸಿತು. ನಿಜ ಹೇಳುತ್ತೇನೆ, ಒಂದು ಹೆಜ್ಜೆ ಇಟ್ಟೂ ಇಟ್ಟೆ.

ಅಷ್ಟರಲ್ಲಿ ಬಾಗಿಲು ತೆರೆಯಿತು. ನಿಮ್ಮಮ್ಮ ವಿಸ್ಕಿ, ಲೋಟಗಳ ತಟ್ಟೆ ಹಿಡಿದು ಬಂದರು. ಒಬ್ಬೊಬ್ಬರಿಗೂ ಸುರಿಯುತ್ತ, ಹೆಸರು ಹಿಡಿದು ಮಾತಾಡಿಸುತ್ತ ಬಂದು ನನ್ನ ಮುಂದೆ ನಿಂತರು. ಊರಿಗೆ ಹೊಸಬರನ್ನು ಕೇಳುವ ಹಾಗೆ ಕೇಳಿದರು:

"ನೀವು ಯಾರ ಕಡೆಯವರು?"

ಚುಚ್ಚಲು ಕೇಳಿದರೋ, ಬೇರೆ ಏನಕ್ಕೋ, ಅವರ ಮುಖದಿಂದ ಗೊತ್ತಾಗಲಿಲ್ಲ. ಆಡಮ್ ಪರ್ವಿಸ್, ಐಮತ್ ಊರು, ಎಲ್ಸ್‌ಪೆತ್ ಗಂಡ ಎಂದೆ.

"ಎಲ್ಸ್‌ಪೆತ್ ಗಂಡನಿಗೆ ಅರ್ಧ ಲೋಟ ಕೊಟ್ರೆ ಊರು ನಗತ್ತೆ," ಎಂದು ಅವರು ಲೋಟ ತುಂಬಿ ನನ್ನ ಕೈಮೇಲೆಲ್ಲ ಚೆಲ್ಲುವವರೆಗೆ ಸುರಿದರು.

ಆಮೇಲೆ ಮಾತಿಲ್ಲ. ನಿನ್ನೆಯೂ ಇಲ್ಲ, ಇವತ್ತು ಬೆಳಿಗ್ಗೆಯೂ ಇಲ್ಲ. ಕೋಪವೋ ದುಃಖವೋ ನನಗೆ ತಿಳಿಯದು. ನಾನು ನಿನ್ನ ಹತ್ತಿರ ಬರಬೇಕು, ಎಲ್ಸ್‌ಪೆತ್. ಬಂದರೆ ನಿಮ್ಮಮ್ಮ ಈ ಕುರ್ಚಿ ಬಟ್ಟಲುಗಳ ನಡುವೆ ಒಬ್ಬರೇ. ಬಾರದಿದ್ದರೆ ನೀನು ಅಲ್ಲಿ ಒಬ್ಬಳೇ. ಈ ಲೆಕ್ಕ ಎಷ್ಟು ಸಲ ಹಾಕಿದರೂ ಒಬ್ಬರು ಹೊರಗುಳಿಯುತ್ತಾರೆ, ಇಷ್ಟು ವರ್ಷ ಹಾಗೆ ಹೊರಗುಳಿದವನು ನಾನೇ. ಈ ಸಲ ಆಗಲಾರೆ. ಗುರುವಾರ ಮುಂಗೋ ಮರ ಸಾಗಿಸಲು ಆಬರ್ಡೀನಿಗೆ ಹೋಗುತ್ತಾನೆ, ಶೆಟ್‌ಲ್ಯಾಂಡಿನ ಹಡಗಿನವರೆಗೆ ಬಿಡುತ್ತಾನಂತೆ. ನನ್ನನ್ನು ನೋಡುವ ಮನಸ್ಸಿಲ್ಲದಿದ್ದರೆ ಅಷ್ಟರೊಳಗೆ ಫೋನ್ ಮಾಡಿ ಹೇಳು, ಯಾರು ಕೇಳಿಸಿಕೊಂಡರೂ ಚಿಂತೆಯಿಲ್ಲ.

ನಿನ್ನವನೇ ಆದ
ಆಡಮ್

ತಾ.ಕ. (ಸೋಮವಾರ, ಅಂಚೆಗೆ ಹಾಕುವ ಮೊದಲು) ಗಂಜಿ ಕುಡಿಯುವಾಗ ಗುರುವಾರದ ವಿಷಯ ನಿಮ್ಮಮ್ಮನಿಗೆ ಹೇಳಿಬಿಟ್ಟೆ. ಎದ್ದುಹೋಗಿ ಹಡಗಿನ ಆಫೀಸಿಗೆ ತಾವೇ ಫೋನ್ ಮಾಡಿ ಟಿಕೆಟ್ ಹೇಳಿದರು. ಒಂದಲ್ಲ, ಎರಡು. ದೋಣಿ ಕಂಡರೆ ವಾಂತಿ ಮಾಡಿಕೊಳ್ಳುವ ನೀವು ಯಾಕೆ ಇಷ್ಟು ದೂರ ಎಂದು ಕೇಳಿದೆ. ನನ್ನ ಮುಖ ನೋಡದೆ ಹೇಳಿದರು: "ಅವಳ ಗಂಡನ್ನ ಇಸ್ಕೊಂಡೋಳು ನಾನು. ನಾನೇ ಕೈಯಾರೆ ಕೊಟ್ಟು ಬರ್ತೀನಿ."